ಎಲ್ಲ ಬಲ್ಲವನಿಗೆ ಏನೇನು ಗೊತ್ತಿರಬೇಕು?

ಪಾಳಿಯ ಬೌದ್ಧಗ್ರಂಥ ಮಜ್ಝಿಮನಿಕಾಯದಲ್ಲಿ 76ನೆಯದು ಸಂದಕ ಸುತ್ತ. ಕೌಶಾಂಬಿಯಲ್ಲಿ ಬುದ್ಧನ ಶಿಷ್ಯ ಆನಂದ ಸಂದಕನೆಂಬ ಪರಿವ್ರಾಜಕನಿಗೆ (ಅಲೆಮಾರಿ ಸನ್ಯಾಸಿಗೆ) ಒಬ್ಬ ಗುರುವಿನ ವಿಷಯ ಹೇಳುತ್ತಾನೆ. ನಡೆಯುವಾಗ, ನಿಂತಾಗ, ಮಲಗಿದಾಗ, ಎದ್ದಿರುವಾಗ, ಯಾವ ಹೊತ್ತಿನಲ್ಲೂ ಬಿಡುವಿಲ್ಲದೆ ತನಗೆ ಎಲ್ಲವೂ ತಿಳಿಯುತ್ತಲೇ ಇರುತ್ತದೆ ಎನ್ನುವುದು ಆ ಗುರುವಿನ ದಾವೆ. ಅದೇ ಗುರು ಭಿಕ್ಷೆಗೆಂದು ಹೊರಟು ಯಾರೂ ಇಲ್ಲದ ಮನೆಗೆ ಹೋಗಿ ಬರಿಗೈಲಿ ಬರುತ್ತಾನೆ. ನಾಯಿ ಕಚ್ಚುತ್ತದೆ. ಪುಂಡಾನೆ ಎದುರಾಗುತ್ತದೆ. ಎದುರು ಬಂದವರ ಹೆಸರು, ಗೋತ್ರ ವಿಚಾರಿಸುತ್ತಾನೆ. ಇದು ಯಾವ ಊರು, ದಾರಿ ಯಾವುದು ಎಂದು ಕೇಳುತ್ತಾನೆ. ಇದೇನು ಸ್ವಾಮಿ ಎಂದರೆ ಉತ್ತರ ಸಿದ್ಧವಾಗಿದೆ: ಖಾಲಿ ಮನೆಗೆ ಹೋಗಬೇಕಾಗಿತ್ತು, ಹೋದೆ, ನಾಯಿ ಕಚ್ಚಬೇಕಾಗಿತ್ತು, ಕಚ್ಚಿತು, ದಾರಿ ಕೇಳಬೇಕಾಗಿತ್ತು, ಕೇಳಿದೆ.

ಭಾರತದ ತತ್ತ್ವಚಿಂತನೆಯಲ್ಲಿ ಇಷ್ಟು ಚೆನ್ನಾಗಿ ಕುಟುಕುವ ಭಾಗಗಳು ಹೆಚ್ಚಿಲ್ಲ. ನಗಿಸಿದ ಮೇಲೂ ಅದು ಒಂದಿಷ್ಟು ಗಟ್ಟಿ ಪ್ರಶ್ನೆಗಳನ್ನು ಉಳಿಸಿ ಹೋಗುತ್ತದೆ. ಒಬ್ಬನಿಗೆ ಎಲ್ಲ ಗೊತ್ತು ಎಂದರೆ ಯಾವುದೆಲ್ಲ? ಯಾವ ಸಾಧನದಿಂದ ಗೊತ್ತು? ಎಲ್ಲ ಒಟ್ಟಿಗೇ ತೋರುತ್ತದೋ, ಒಂದಾದ ಮೇಲೊಂದೋ? ಸದಾ ತೋರುತ್ತಿರುತ್ತದೋ, ಮನಸ್ಸು ಹರಿಸಿದಾಗ ಮಾತ್ರವೋ? ಅವನಿಗೆ ಗೊತ್ತು ಎನ್ನುವುದು ನಮಗೆ ಹೇಗೆ ಗೊತ್ತಾಗಬೇಕು? ಸರ್ವಜ್ಞತ್ವವನ್ನು ಹೊಗಳಿಕೆಯ ಮಾತಾಗಿ ಬಿಡದೆ ಗಂಭೀರವಾಗಿ ತೆಗೆದುಕೊಂಡ ಎಲ್ಲ ದರ್ಶನಗಳೂ ಈ ಪ್ರಶ್ನೆಗಳಿಗೆ ಉತ್ತರಿಸಿವೆ. ಹಾಗೆ ಉತ್ತರಿಸುವಾಗ ಎಲ್ಲವೂ ‘ಎಲ್ಲ’ಕ್ಕೆ ಎಲ್ಲೋ ಒಂದು ಕಡೆ ಕತ್ತರಿ ಹಾಕಿವೆ. ಯಾರು ಎಲ್ಲಿ ಕತ್ತರಿಸಿದರು ಎಂದು ನೋಡಿದರೆ ಅವರಿಗೆ ಅದು ಏತಕ್ಕೆ ಬೇಕಾಗಿತ್ತು ಎನ್ನುವುದು ಬಯಲಾಗುತ್ತದೆ. ಕಥೆ ಹೇಳುವವರ ಮಾತೂ ಹೀಗೇ ಇದೆ; ಅದಕ್ಕೆ ಆಮೇಲೆ ಬರೋಣ.

ಈ ವಿಷಯದಲ್ಲಿ ಅತಿ ವಿವರವಾದ ನಕ್ಷೆ ಬರೆದವರು ಜೈನರು. ಅವರಲ್ಲಿ ಜ್ಞಾನ ಐದು: ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ. ಇಂದ್ರಿಯ ಮತ್ತು ಮನಸ್ಸಿನಿಂದ ಬರುವುದು ಮತಿಜ್ಞಾನ. ಅದಕ್ಕೇ ಲೆಕ್ಕ ಹಾಕಿ 336 ಭೇದ ಮಾಡಿದ್ದಾರೆ. ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತ, ಐದು ಇಂದ್ರಿಯ ಮತ್ತು ಮನಸ್ಸು ಸೇರಿ ಆರು, ವಿಷಯದ ಹನ್ನೆರಡು ಬಗೆ, ಗುಣಿಸಿದರೆ 288. ಇದಕ್ಕೂ ಮೊದಲಿನ ಮಸುಕಾದ ಸೋಂಕು ವ್ಯಂಜನಾವಗ್ರಹ. ಅದು ಕಣ್ಣು ಮತ್ತು ಮನಸ್ಸಿಗೆ ಇಲ್ಲ, ಉಳಿದ ನಾಲ್ಕು ಇಂದ್ರಿಯಗಳಿಗಷ್ಟೇ; ಅದರಿಂದ 48. ಮಾತು, ಶಾಸ್ತ್ರ, ಸಂಕೇತಗಳ ಮೂಲಕ ಬರುವುದು ಶ್ರುತ. ಈ ಎರಡನ್ನೂ ಜೈನರು ಪರೋಕ್ಷ ಎನ್ನುತ್ತಾರೆ. ಕಣ್ಣಿಂದ ಕಂಡದ್ದೂ ಪರೋಕ್ಷವೇ, ಏಕೆಂದರೆ ಕಣ್ಣೆಂಬ ಮಧ್ಯವರ್ತಿ ಇದೆ. ಆತ್ಮ ನೇರವಾಗಿ ಅರಿತರೆ ಮಾತ್ರ ಪ್ರತ್ಯಕ್ಷ.

ಅವಧಿಜ್ಞಾನದಿಂದ ಅತೀಂದ್ರಿಯದ ಮೆಟ್ಟಿಲು ಶುರು. ಹೆಸರೇ ಹೇಳುವಂತೆ ಅದಕ್ಕೆ ಮಿತಿ ಇದೆ: ಇಷ್ಟು ದೂರ, ಇಷ್ಟು ಕಾಲ, ಅದೂ ರೂಪವುಳ್ಳ ವಸ್ತುಗಳಷ್ಟೇ. ದೇವತೆಗಳಿಗೂ ನಾರಕಿಗಳಿಗೂ ಇದು ಹುಟ್ಟಿನಿಂದಲೇ ಬರುತ್ತದೆ. ಮನುಷ್ಯರಿಗೆ, ಪ್ರಾಣಿಗಳಿಗೆ ಬಂದರೆ ಆರು ಬಗೆ. ಹೋದಲ್ಲಿಗೆ ಜೊತೆಗೆ ಬರುವುದು, ಹುಟ್ಟಿದ ಜಾಗ ಬಿಟ್ಟರೆ ಕೆಲಸ ಮಾಡದೆ ಹೋಗುವುದು, ಬೆಳೆಯುವುದು, ಸವೆಯುವುದು, ಇದ್ದಂತೆ ಇರುವುದು, ಏರಿಳಿಯುವುದು. ನಮ್ಮ ವಡ್ಡಾರಾಧನೆಯ ಮೊದಲ ಕಥೆಯಲ್ಲೇ ಇದರ ಸೊಗಸಾದ ಉದಾಹರಣೆಯಿದೆ. ಸೂರ್ಯಮಿತ್ರನೆಂಬ ಪುರೋಹಿತ ಅರಸನ ಉಂಗುರ ಕಳೆದುಕೊಳ್ಳುತ್ತಾನೆ. ಅದು ಎಲ್ಲಿ ಬಿದ್ದಿದೆ ಎಂದು ಜೈನ ಮುನಿಯೊಬ್ಬರು ಹೇಳಿಬಿಡುತ್ತಾರೆ. ಈ ವಿದ್ಯೆ ಕಲಿಯಬೇಕು ಎಂಬ ಆಸೆಗೆ ಬಿದ್ದು ಸೂರ್ಯಮಿತ್ರ ದೀಕ್ಷೆ ತೆಗೆದುಕೊಳ್ಳುತ್ತಾನೆ. ಉಂಗುರ ಹುಡುಕಲು ಅವಧಿಜ್ಞಾನ ಧಾರಾಳವಾಗಿ ಸಾಕು, ಕೇವಲಜ್ಞಾನ ಬೇಕಿಲ್ಲ. ಜೈನ ಪುರಾಣಗಳಲ್ಲಿ ‘ನೀನು ಹಿಂದಿನ ಜನ್ಮದಲ್ಲಿ ಇಂಥವನಾಗಿದ್ದೆ’ ಎಂದು ಹೇಳುವ ಮುನಿಗಳಲ್ಲಿ ಬಹಳಷ್ಟು ಜನ ಅವಧಿಜ್ಞಾನಿಗಳು. ಓದುವವರು ಅವರನ್ನೆಲ್ಲ ಸರ್ವಜ್ಞರು ಎಂದು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ, ಅದು ತಪ್ಪು.

ಇನ್ನೊಬ್ಬರ ಮನಸ್ಸಿನ ವಿಚಾರ ತಿಳಿಯುವುದು ಮನಃಪರ್ಯಯ. ಅದು ಸಂಯಮಿಗಳಾದ ಮುನಿಗಳಿಗೆ ಮಾತ್ರ, ಅದರಲ್ಲೂ ಎಲ್ಲರಿಗೂ ಅಲ್ಲ.

ಕೇವಲಜ್ಞಾನದ ವ್ಯಾಪ್ತಿಯನ್ನು ತತ್ತ್ವಾರ್ಥಸೂತ್ರ ಒಂದೇ ಸಾಲಿನಲ್ಲಿ ಮುಗಿಸುತ್ತದೆ: ‘ಸರ್ವದ್ರವ್ಯಪರ್ಯಾಯೇಷು ಕೇವಲಸ್ಯ’. ಎಲ್ಲ ದ್ರವ್ಯಗಳೂ, ಅವುಗಳ ಮೂರು ಕಾಲದ ಎಲ್ಲ ಪರ್ಯಾಯಗಳೂ, ಎಂದರೆ ಬದಲಾಗುವ ಅವಸ್ಥೆಗಳೂ, ಅದರ ವಿಷಯ. ಇದು ಹೊಸದಾಗಿ ಗಳಿಸುವ ಸಂಪತ್ತಲ್ಲ. ಅರಿವು ಆತ್ಮದ ಸ್ವಭಾವ, ಕರ್ಮ ಅದಕ್ಕೆ ಮುಸುಕು ಹಾಕಿದೆ, ಮುಸುಕು ತೆಗೆದರೆ ಆಯಿತು. ತೆಗೆಯುವುದಕ್ಕೂ ಕ್ರಮವಿದೆ. ಆತ್ಮದ ಗುಣವನ್ನು ಕೆಡಿಸುವ ಘಾತಿ ಕರ್ಮ ನಾಲ್ಕು: 5 ಬಗೆಯ ಜ್ಞಾನಾವರಣೀಯ, 9 ಬಗೆಯ ದರ್ಶನಾವರಣೀಯ, 28 ಬಗೆಯ ಮೋಹನೀಯ, 5 ಬಗೆಯ ಅಂತರಾಯ. ಜ್ಞಾನ ಬೇಕೆಂದರೆ ಜ್ಞಾನಾವರಣೀಯವನ್ನೇ ಮೊದಲು ಕೀಳಬೇಕಲ್ಲವೇ ಎಂದು ತೋರುತ್ತದೆ. ಹಾಗಿಲ್ಲ. ಮೊದಲು ಹೋಗಬೇಕಾದ್ದು ಮೋಹ ಹುಟ್ಟಿಸುವ ಮೋಹನೀಯ. ರಾಗದ್ವೇಷ ಇರುವವರೆಗೆ ಹೊಸ ಕರ್ಮ ಅಂಟುತ್ತಲೇ ಇರುತ್ತದೆ. ಮುಸುಕು ಒಂದು ಕಡೆ ಹರಿದರೆ ಇನ್ನೊಂದು ಕಡೆ ನೇಯ್ದುಕೊಳ್ಳುತ್ತದೆ.

ಎಡವಟ್ಟಾಗುವುದೂ ಇಲ್ಲೇ. ಹದಿನಾಲ್ಕು ಗುಣಸ್ಥಾನಗಳ, ಎಂದರೆ ಆತ್ಮ ಶುದ್ಧವಾಗುತ್ತ ಹೋಗುವ ಹಂತಗಳ, ಏಣಿಯಲ್ಲಿ ಎಂಟನೆಯದರಿಂದ ದಾರಿ ಎರಡಾಗಿ ಒಡೆಯುತ್ತದೆ. ಮೋಹವನ್ನು ಅದುಮಿಟ್ಟುಕೊಂಡು ಏರುವುದು ಉಪಶಮ ಶ್ರೇಣಿ, ಬೇರುಸಹಿತ ಕಿತ್ತು ಏರುವುದು ಕ್ಷಪಕ ಶ್ರೇಣಿ. ಅದುಮಿಟ್ಟವನು ಹನ್ನೊಂದನೆಯದಾದ ಉಪಶಾಂತಮೋಹಕ್ಕೆ ತಲುಪುತ್ತಾನೆ, ಅಲ್ಲಿಂದ ಮುಂದೆ ದಾರಿಯಿಲ್ಲ. ಅದುಮಿದ್ದು ಮತ್ತೆ ತಲೆಯೆತ್ತುತ್ತದೆ, ಅವನು ಕೆಳಗೆ ಬೀಳಲೇಬೇಕು. ಕಿತ್ತವನು ಹತ್ತರ ಕೊನೆಯಲ್ಲಿ ಸೂಕ್ಷ್ಮ ಲೋಭದ ಕೊನೆಯ ಎಳೆಯನ್ನೂ ಕಳೆದುಕೊಂಡು, ಹನ್ನೊಂದನ್ನು ಮುಟ್ಟದೆ, ನೇರ ಹನ್ನೆರಡಕ್ಕೆ ಹೋಗುತ್ತಾನೆ. ಅಲ್ಲಿ ಇರುವುದು ಒಂದು ಅಂತರ್ಮುಹೂರ್ತ, ಎಂದರೆ 48 ನಿಮಿಷಕ್ಕಿಂತ ಕಡಿಮೆ. ಅದರ ಕೊನೆಗೆ ಉಳಿದ ಮೂರು ಘಾತಿ ಕರ್ಮಗಳೂ ಹೋಗಿ ಹದಿಮೂರನೆಯ ಸಯೋಗಕೇವಲಿ ಸ್ಥಿತಿ, ದೇಹವಿದ್ದೂ ಕೇವಲಜ್ಞಾನ ಪಡೆದವನ ಸ್ಥಿತಿ, ಬರುತ್ತದೆ. ಬಾಹುಬಲಿ ಬಳ್ಳಿ ಹಬ್ಬಿಸಿಕೊಂಡು ವರ್ಷವಿಡೀ ನಿಂತರೂ ಕೇವಲಜ್ಞಾನ ಬರಲಿಲ್ಲ ಎಂಬ ಕಥೆಯ ತಾಂತ್ರಿಕ ಅರ್ಥ ಇದೇ. ಜಿನಸೇನರ ಆದಿಪುರಾಣದಲ್ಲಿ ಅಡ್ಡಿಯಾದದ್ದು ‘ನನ್ನಿಂದ ಭರತನಿಗೆ ನೋವಾಯಿತಲ್ಲ’ ಎಂಬ ಎಳೆ. ಜನ ಹೇಳುವ ಕಥೆಯಲ್ಲಿ ‘ನಾನು ನಿಂತ ನೆಲ ಭರತನದು’ ಎಂಬ ಅಭಿಮಾನ. ಎರಡರಲ್ಲೂ ಕೊರತೆ ತಪಸ್ಸಿನದಲ್ಲ. ತೆಗೆಯಬೇಕಾದ ಮುಳ್ಳು ಮೋಹನೀಯದ್ದು.

ಕೇವಲಿಗೆ ಏನು ಇರುವುದಿಲ್ಲ ಎನ್ನುವುದು ನನಗೆ ಇನ್ನೂ ಹೆಚ್ಚು ಸ್ವಾರಸ್ಯದ ಸಂಗತಿ. ಒಬ್ಬ ಜೀವನಿಗೆ ಒಂದು ಕಾಲಕ್ಕೆ ನಾಲ್ಕು ಜ್ಞಾನಗಳವರೆಗೆ ಇರಬಹುದು. ಕೇವಲ ಬಂದರೆ ಅದೊಂದೇ. ಮತಿ ಇಲ್ಲ, ಶ್ರುತ ಇಲ್ಲ. ಹಾಗಾಗಿ ಕೇವಲಿ ನೆನಪು ಮಾಡಿಕೊಳ್ಳುವುದಿಲ್ಲ, ಊಹಿಸುವುದಿಲ್ಲ, ತರ್ಕಿಸುವುದಿಲ್ಲ, ಸಂದೇಹಪಡುವುದಿಲ್ಲ. ಇವೆಲ್ಲ ಗೊತ್ತಿಲ್ಲದವರ ಉಪಕರಣಗಳು. ದರ್ಶನ (ವಿವರವಿಲ್ಲದ ಸಾಮಾನ್ಯ ಕಾಣ್ಕೆ) ಮತ್ತು ಜ್ಞಾನ (ವಿವರವಾದ ಅರಿವು) ಅವನಲ್ಲಿ ಒಟ್ಟಿಗಿರುತ್ತವೆಯೋ, ಸರದಿಯಲ್ಲಿ ಬರುತ್ತವೆಯೋ ಎಂಬುದಕ್ಕೆ ದೊಡ್ಡ ಚರ್ಚೆಯೇ ನಡೆದಿದೆ. ಶ್ವೇತಾಂಬರ ಆಗಮ ಪಂಥ ಸರದಿ ಎನ್ನುತ್ತದೆ. ದಿಗಂಬರರು ಸೂರ್ಯನ ಬೆಳಕು ಮತ್ತು ಬಿಸಿಯಂತೆ ಒಟ್ಟಿಗೇ ಎನ್ನುತ್ತಾರೆ. ಸಿದ್ಧಸೇನ ದಿವಾಕರ ಆ ಮಟ್ಟದಲ್ಲಿ ಎರಡೂ ಬೇರೆಯೇ ಅಲ್ಲ ಎನ್ನುತ್ತಾನೆ. ಕುಂದಕುಂದರು ನಿಯಮಸಾರದಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಕೇವಲಿ ಎಲ್ಲವನ್ನೂ ಅರಿಯುತ್ತಾನೆ ಎನ್ನುವುದು ವ್ಯವಹಾರನಯದ, ಎಂದರೆ ರೂಢಿಯ ದೃಷ್ಟಿಯ ಮಾತು, ನಿಶ್ಚಯವಾಗಿ ನೋಡಿದರೆ ಅವನು ಅರಿಯುವುದು ತನ್ನ ಆತ್ಮವನ್ನೇ. ಹೊರಗಿನ ಟೀಕಾಕಾರರು ಬೇಡ, ಸ್ವತಃ ಆಚಾರ್ಯರೇ ‘ಎಲ್ಲ’ಕ್ಕೆ ಇಟ್ಟ ಕತ್ತರಿ ಇದು.

ಅರಿತದ್ದನ್ನು ಹೇಳುವುದು ಇನ್ನೊಂದು ಸಮಸ್ಯೆ. ಚಾವುಂಡರಾಯನ ಗುರುವೆಂದು ನಾವು ಬಲ್ಲ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಲೆಕ್ಕ ಕೊಡುತ್ತಾರೆ: ಮಾತಿಗೆ ಸಿಕ್ಕದ ವಿಷಯಗಳಿಗೆ ಹೋಲಿಸಿದರೆ ಹೇಳಲು ಬರುವಂಥವು ಅನಂತದಲ್ಲಿ ಒಂದು ಪಾಲು, ಹೇಳಲು ಬರುವುದರಲ್ಲೂ ಅನಂತದಲ್ಲಿ ಒಂದು ಪಾಲು ಮಾತ್ರ ಶ್ರುತದಲ್ಲಿ ಸೇರಿದೆ. ಕೇಳುವವರೂ ಬೇಕು. ದಿಗಂಬರ ಪರಂಪರೆಯ ಪ್ರಕಾರ ಮಹಾವೀರರಿಗೆ ಕೇವಲಜ್ಞಾನವಾದ ಮೇಲೆ 66 ದಿನ ದಿವ್ಯಧ್ವನಿ (ಅವರ ಉಪದೇಶದ ದನಿ) ಹೊರಡಲೇ ಇಲ್ಲ, ಗ್ರಹಿಸಿ ಹೇಳಬಲ್ಲ ಗಣಧರ, ಎಂದರೆ ಮುಖ್ಯ ಶಿಷ್ಯ, ಸಿಕ್ಕಿರಲಿಲ್ಲ. ಇಂದ್ರಭೂತಿ ಗೌತಮ ಬಂದ ಮೇಲೆ ರಾಜಗೃಹದ ವಿಪುಲಾಚಲದಲ್ಲಿ ಮೊದಲ ಉಪದೇಶ. ಅಂದಹಾಗೆ, ದಿಗಂಬರರ ಕೇವಲಿ ಕವಳಾಹಾರ ಮಾಡುವುದಿಲ್ಲ, ಎಂದರೆ ತುತ್ತು ಉಣ್ಣುವುದಿಲ್ಲ. ಭಿಕ್ಷೆಗೆ ಹೋಗುವ ಮಾತೇ ಇಲ್ಲದ ಮೇಲೆ ಖಾಲಿ ಮನೆಯೂ ಇಲ್ಲ, ಕಚ್ಚುವ ನಾಯಿಯೂ ಇಲ್ಲ. ಕೇವಲಿಯೂ ಉಣ್ಣುತ್ತಾನೆ ಎನ್ನುವ ಶ್ವೇತಾಂಬರರು ಆನಂದನ ಕುಟುಕಿಗೆ ಬೇರೆ ಉತ್ತರ ಹುಡುಕಬೇಕು.

ಇಷ್ಟೆಲ್ಲ ಕಟ್ಟಿದ ಮೇಲೆ, ಅಂಥವನೊಬ್ಬ ಇದ್ದಾನೆ ಎಂದು ಸಾಧಿಸುವುದು ಹೇಗೆ? ಸಮಂತಭದ್ರರ ಆಪ್ತಮೀಮಾಂಸೆಯ ಐದನೆಯ ಕಾರಿಕೆ ಇದಕ್ಕೆ ಪ್ರಸಿದ್ಧ. ಪರಮಾಣುವಿನಂಥ ಸೂಕ್ಷ್ಮ, ಹಿಂದೆ ಆಗಿಹೋದದ್ದು, ಮೇರುವಿನಂಥ ದೂರದ್ದು, ಇವೆಲ್ಲ ಯಾರಿಗಾದರೂ ಪ್ರತ್ಯಕ್ಷವಾಗಿರಲೇಬೇಕು. ಏಕೆಂದರೆ ಇವು ಅನುಮಾನಕ್ಕೆ ಸಿಗುತ್ತವೆ, ಬೆಂಕಿಯ ಹಾಗೆ. ಬೆಟ್ಟದ ಮೇಲಿನ ಬೆಂಕಿ ಕೆಳಗಿನವನಿಗೆ ಹೊಗೆಯಿಂದ ಊಹೆ, ಮೇಲಿರುವವನಿಗೆ ಕಣ್ಣೆದುರಿನ ಸಂಗತಿ. ವಾದ ಚುರುಕಾಗಿದೆ, ಆದರೆ ಒಂದು ಕಡೆ ಸಡಿಲ. ಒಂದೊಂದು ವಸ್ತುವನ್ನೂ ಯಾರೋ ಒಬ್ಬ ಕಂಡಿರುತ್ತಾನೆ ಎಂಬುದರಿಂದ, ಯಾರೋ ಒಬ್ಬನೇ ಎಲ್ಲವನ್ನೂ ಕಂಡಿದ್ದಾನೆ ಎಂದು ಬರುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದ್ದಾಳೆ ಎಂದಮಾತ್ರಕ್ಕೆ ಎಲ್ಲರಿಗೂ ಒಬ್ಬಳೇ ತಾಯಿ ಆಗುವುದಿಲ್ಲವಲ್ಲ. ಈ ಪುಟ್ಟ ಗ್ರಂಥಕ್ಕೆ ಅಕಲಂಕರು ಅಷ್ಟಶತಿ, ಅದರ ಮೇಲೆ ವಿದ್ಯಾನಂದರು ಅಷ್ಟಸಹಸ್ರಿ ಬರೆದರು. ಅಕಲಂಕರು ಬೇರೆ ಕಡೆ ಇನ್ನೊಂದು ವಾದ ಹೂಡುತ್ತಾರೆ: ಅತಿ ದೂರದ್ದನ್ನು ಯಾರೂ ಕಂಡಿಲ್ಲವೆಂದರೆ ಜ್ಯೋತಿಶ್ಶಾಸ್ತ್ರ ಹೇಳಿದ್ದು ತಪ್ಪದೆ ನಡೆಯುವುದು ಹೇಗೆ? ಅವರ ಕಾಲಕ್ಕೆ ಇದಕ್ಕೆ ತೂಕವಿತ್ತು. ನೋಡಿ ನೋಡಿ ಬರೆದಿಟ್ಟ ಲೆಕ್ಕ, ಗಣಿತ ಎರಡಿದ್ದರೆ ಗ್ರಹಣ ಹೇಳಲು ಸರ್ವಜ್ಞ ಬೇಕಿಲ್ಲ ಎನ್ನುವುದು ಇಂದು ಪಂಚಾಂಗ ತೆರೆಯುವ ಯಾರಿಗೂ ಗೊತ್ತು.

ಎದುರಾಳಿ ಕುಮಾರಿಲ ಭಟ್ಟ, 7ನೆಯ ಶತಮಾನದ ಮೀಮಾಂಸಕ, ವೇದದ ವಿಧಿಗಳನ್ನು ವಿವೇಚಿಸುವ ದರ್ಶನದವನು. ಶ್ಲೋಕವಾರ್ತಿಕದಲ್ಲಿ ಅವನ ಪಟ್ಟುಗಳು ಒಂದಕ್ಕಿಂತ ಒಂದು ಬಿಗಿ. ಆರೂ ಪ್ರಮಾಣಗಳನ್ನು (ಅರಿವಿನ ಸಾಧನಗಳನ್ನು) ಬಳಸಿ ಯಾವನಾದರೂ ಎಲ್ಲ ತಿಳಿದುಕೊಂಡರೆ ತಿಳಿದುಕೊಳ್ಳಲಿ, ಬೇಡ ಎನ್ನುವವರು ಯಾರು? ಒಂದೇ ಪ್ರಮಾಣದಿಂದ ಎಲ್ಲ ತಿಳಿಯುತ್ತದೆ ಎನ್ನುವವನು ಮಾತ್ರ ರುಚಿಯನ್ನೂ ಕಣ್ಣಿನಿಂದಲೇ ನೋಡುತ್ತಾನೇನೋ! ಇನ್ನೊಂದು: ಸರ್ವಜ್ಞ ಎದುರಿಗೇ ನಿಂತಿದ್ದರೂ ಅವನು ಸರ್ವಜ್ಞ ಎಂದು ಪರೀಕ್ಷಿಸಲು ಅವನಿಗೆ ಗೊತ್ತಿರುವುದೆಲ್ಲ ಪರೀಕ್ಷಕನಿಗೂ ಗೊತ್ತಿರಬೇಕು. ಹಾಗಾದರೆ ಒಬ್ಬ ಸರ್ವಜ್ಞನನ್ನು ಗುರುತಿಸಲು ಇನ್ನೊಬ್ಬ, ಅವನನ್ನು ಗುರುತಿಸಲು ಮತ್ತೊಬ್ಬ. ಬೌದ್ಧ ಶಾಂತರಕ್ಷಿತನ ತತ್ತ್ವಸಂಗ್ರಹದಲ್ಲಿ ಮೀಮಾಂಸಕರ ಪೂರ್ವಪಕ್ಷವಾಗಿ (ಖಂಡಿಸಲೆಂದು ಮೊದಲಿಡುವ ಎದುರಾಳಿಯ ವಾದವಾಗಿ) ಬರುವ ಮಾತುಗಳೂ ಖಾರವಾಗಿವೆ: ಸುಗತ (ಬುದ್ಧ) ಸರ್ವಜ್ಞ, ಸಾಂಖ್ಯರ ಕಪಿಲ ಅಲ್ಲ ಎನ್ನಲು ಏನು ಪ್ರಮಾಣ? ಇಬ್ಬರೂ ಸರ್ವಜ್ಞರಾದರೆ ಅವರಲ್ಲಿ ಮತಭೇದವೇಕೆ? ಅಭ್ಯಾಸದಿಂದ ಜ್ಞಾನ ಬೆಳೆಯುತ್ತ ಬೆಳೆಯುತ್ತ ಕೊನೆ ಮುಟ್ಟುತ್ತದೆ ಎನ್ನುವವರಿಗೂ ಅಲ್ಲಿ ಉತ್ತರವಿದೆ. ಹತ್ತು ಮೊಳ ಹಾರುವವನು ನೂರು ಸಲ ಅಭ್ಯಾಸ ಮಾಡಿದರೂ ಒಂದು ಯೋಜನ ಹಾರಲಾರ.

ನಮ್ಮ ತ್ರಿಪದಿಯ ಸರ್ವಜ್ಞ ‘ಗರ್ವದಿಂದಾದವನೆ’ ಎಂದು ಕೇಳಿ, ಸರ್ವರೊಳಗೆ ಒಂದೊಂದು ನುಡಿ ಕಲಿತು ವಿದ್ಯೆಯ ಪರ್ವತವಾದೆ ಎಂದನಲ್ಲ, ಕುಮಾರಿಲ ಒಪ್ಪುತ್ತಿದ್ದುದು ಇಂಥ ಸರ್ವಜ್ಞನನ್ನು.

ಕುಮಾರಿಲನಿಗೆ ಇಷ್ಟು ಸಿಟ್ಟೇಕೆ? ಅವನೇ ಬಾಯಿಬಿಟ್ಟು ಹೇಳುತ್ತಾನೆ: ನಾನು ಅಲ್ಲಗಳೆಯುವುದು ಧರ್ಮ ಬಲ್ಲವನೆಂಬ ದಾವೆಯನ್ನಷ್ಟೇ, ಉಳಿದದ್ದೆಲ್ಲ ಅವನು ತಿಳಿದುಕೊಂಡರೆ ತಡೆಯುವವರಾರು? ಧರ್ಮಕ್ಕೆ ವೇದವೇ ಪ್ರಮಾಣ ಎನ್ನುವವನಿಗೆ, ಧರ್ಮವನ್ನು ನೇರವಾಗಿ ಕಂಡೆ ಎನ್ನುವ ಮನುಷ್ಯನಿಂದ ಅಪಾಯ. ಎದುರು ಗುಂಪಿನ ಬೌದ್ಧ ಧರ್ಮಕೀರ್ತಿ ಪ್ರಮಾಣವಾರ್ತಿಕದಲ್ಲಿ ಅದೇ ಗೆರೆಗೆ ಆಚೆ ಕಡೆಯಿಂದ ಬಂದು ನಿಲ್ಲುತ್ತಾನೆ. ಹುಳುಗಳು ಎಷ್ಟಿವೆ ಎಂಬ ಎಣಿಕೆ ಗುರುವಿಗೆ ಗೊತ್ತಿದ್ದರೆ ನಮಗೇನು ಉಪಯೋಗ? ದೂರದ್ದು ಕಾಣಲಿ, ಕಾಣದಿರಲಿ; ಬೇಕಾದ ತತ್ತ್ವ ಕಂಡರೆ ಸಾಕು. ದೂರ ಕಾಣುವವನೇ ಪ್ರಮಾಣವೆಂದರೆ ಬನ್ನಿ, ಹದ್ದುಗಳನ್ನು ಪೂಜಿಸೋಣ! ಇಬ್ಬರೂ ಹುಳುವಿನ ಲೆಕ್ಕವನ್ನು ಕಸಕ್ಕೆ ಎಸೆದರು. ಜಗಳವೆಲ್ಲ ಒಂದೇ ವಿಷಯದ ಮೇಲೆ: ಹೇಗೆ ಬದುಕಬೇಕು ಎನ್ನುವುದನ್ನು ಮನುಷ್ಯ ಕಂಡುಕೊಳ್ಳಬಲ್ಲನೇ, ಇಲ್ಲವೇ. ಸರ್ವಜ್ಞತ್ವದ ಮೇಲಿನ ನೂರಾರು ಪುಟಗಳ ವಾದ ಓದುವವರು ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಬುದ್ಧನೂ ತೇವಿಜ್ಜವಚ್ಛಗೋತ್ತ ಸುತ್ತದಲ್ಲಿ, ಸದಾ ಎಲ್ಲ ತೋರುತ್ತಿರುತ್ತದೆ ಎಂದು ನನ್ನ ಬಗ್ಗೆ ಹೇಳುವವರು ಸುಳ್ಳು ಹೇಳುತ್ತಾರೆ, ನನಗಿರುವುದು ಮೂರು ವಿದ್ಯೆ ಎನ್ನುತ್ತಾನೆ: ಹಿಂದಿನ ಜನ್ಮಗಳ ನೆನಪು, ಜೀವಿಗಳ ಹುಟ್ಟುಸಾವಿನ ಕಾಣ್ಕೆ, ಆಸ್ರವಗಳು (ಮನಸ್ಸಿನ ಕೊಳೆಗಳು) ಅಳಿದ ಅರಿವು. ನಂತರದ ಮಿಲಿಂದಪಞ್ಹ ನಡುದಾರಿ ಹಿಡಿಯಿತು: ಬುದ್ಧ ಸರ್ವಜ್ಞನೇ, ಆದರೆ ಅದು ಮನಸ್ಸು ಹರಿಸಿದಾಗ ಮಾತ್ರ.

ಪಶ್ಚಿಮದಲ್ಲಿ ತಲೆನೋವಾದದ್ದು ಮುಖ್ಯವಾಗಿ ನಾಳೆಯ ಪ್ರಶ್ನೆ. ನಾಳೆ ನಾನು ಮಾಡುವುದು ದೇವರಿಗೆ ಇಂದೇ ಗೊತ್ತು, ಅವನ ಅರಿವು ಹುಸಿಯಾಗದು. ಹಾಗಾದರೆ ಮಾಡದಿರುವ ಸ್ವಾತಂತ್ರ್ಯ ನನಗೆಲ್ಲಿದೆ? ಮರಣದಂಡನೆ ಕಾಯುತ್ತ ಸೆರೆಯಲ್ಲಿದ್ದ ಬೊಯೆಥಿಯಸ್ 6ನೆಯ ಶತಮಾನದ ಮೊದಲ ಭಾಗದಲ್ಲಿ ಕೊಟ್ಟ ಉತ್ತರ: ದೇವರು ಮುಂಚಿತವಾಗಿ ತಿಳಿಯುವುದಿಲ್ಲ, ಅವನು ಕಾಲದ ಹೊರಗಿದ್ದಾನೆ, ನಮ್ಮ ನಾಳೆಯೂ ಅವನಿಗೆ ಈಗ ಕಣ್ಣೆದುರು ನಡೆಯುತ್ತಿದೆ. ಕೂತವನನ್ನು ನಾನು ನೋಡಿದ್ದರಿಂದ ಅವನು ಕೂರಲೇಬೇಕಾಯಿತು ಎಂದಾಗುವುದಿಲ್ಲ. ಸ್ಪೇನಿನ ಜೆಸ್ಯೂಟ್ ಮೊಲಿನಾ 1588ರಲ್ಲಿ ಇನ್ನೊಂದು ಪದರ ಸೇರಿಸಿದ: ಇಂಥ ಸಂದರ್ಭದಲ್ಲಿಟ್ಟರೆ ಇವನು ತನ್ನಿಷ್ಟದಂತೆ ಏನು ಮಾಡುತ್ತಿದ್ದ ಎಂಬುದೂ ದೇವರಿಗೆ ಗೊತ್ತು, ಅದನ್ನು ನೋಡಿಕೊಂಡೇ ಜಗತ್ತನ್ನು ಸೃಷ್ಟಿಸಿದ. 1966ರಲ್ಲಿ ನಾರ್ಮನ್ ಕ್ರೆಟ್ಸ್‌ಮನ್ ಬೊಯೆಥಿಯಸ್‌ನ ಪರಿಹಾರಕ್ಕೆ ತೂತು ಕೊರೆದರು: ಈಗ ಗಂಟೆ ಎಷ್ಟು ಎಂದು ತಿಳಿಯಬೇಕಾದರೆ ಆ ತಿಳಿವು ಗಂಟೆಯೊಂದಿಗೆ ಬದಲಾಗುತ್ತಿರಬೇಕು, ಬದಲಾಗದವನಿಗೆ ‘ಈಗ’ ಗೊತ್ತಾಗುವುದು ಹೇಗೆ? ಜೈನರಿಗೆ ಈ ತೊಡಕು ಅಷ್ಟಿಲ್ಲ. ಅವರಲ್ಲಿ ಜ್ಞಾನಗುಣಕ್ಕೂ ಪರ್ಯಾಯಗಳಿವೆ, ಕೇವಲಜ್ಞಾನವೂ ಕ್ಷಣಕ್ಷಣಕ್ಕೆ ಪರಿಣಮಿಸುತ್ತದೆ. ನಾಳೆಯ ತೊಡಕು ಮಾತ್ರ ಅವರನ್ನೂ ಬಿಟ್ಟಿಲ್ಲ. ಎಲ್ಲ ಮುಂದಿನ ಪರ್ಯಾಯಗಳೂ ಕೇವಲಿಗೆ ಕಾಣುತ್ತವೆಂದರೆ ಅವು ಕ್ರಮಬದ್ಧವಾಗಿ ನಿಶ್ಚಿತವೇ ಎಂದು 20ನೆಯ ಶತಮಾನದಲ್ಲಿ ಸೋನಗಢದ ಕಾನಜಿ ಸ್ವಾಮಿಯವರು ಎತ್ತಿ ಹಿಡಿದ ಮತ ದಿಗಂಬರರಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿತು. ಪುರುಷಾರ್ಥಕ್ಕೆ, ಎಂದರೆ ಸ್ವಂತ ಪ್ರಯತ್ನಕ್ಕೆ, ಜಾಗವೆಲ್ಲಿ ಎಂದು ಎದುರಾಳಿಗಳು ಕೇಳಿದರು.

ಗಣಿತದ ಕಡೆಯಿಂದಲೂ ಒಂದು ಏಟು ಬಿದ್ದಿದೆ. ಎಲ್ಲ ಸತ್ಯಗಳನ್ನೂ ಒಂದು ಗಣವಾಗಿ ಕಟ್ಟಲು ಬರುವುದಿಲ್ಲ ಎಂದು ಪ್ಯಾಟ್ರಿಕ್ ಗ್ರಿಮ್ 1980ರ ದಶಕದಲ್ಲಿ ವಾದಿಸಿದರು. ಯಾವುದೇ ಗಣಕ್ಕಿಂತ ಅದರ ಉಪಗಣಗಳು ಹೆಚ್ಚು ಎಂದು ಕ್ಯಾಂಟರ್ ತೋರಿಸಿದ್ದಾನೆ. ಒಂದೊಂದು ಉಪಗಣದ ಬಗ್ಗೆಯೂ ಒಂದೊಂದು ಸತ್ಯ ಇದ್ದೇ ಇರುತ್ತದೆ. ಹಾಗಾಗಿ ‘ಎಲ್ಲ’ ಎಂದು ಮುಚ್ಚಳ ಹಾಕಿದ ಕೂಡಲೇ ಹೊರಗೆ ಇನ್ನಷ್ಟು ಉಳಿದಿರುತ್ತದೆ. ಜೈನ ಗಣಿತಜ್ಞರಿಗೂ ಇಂಥ ಇಕ್ಕಟ್ಟಿನ ಸುಳಿವಿತ್ತು ಎನ್ನಿಸುತ್ತದೆ. ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯ ಘಾತಕ್ಕೆ ಏರಿಸುವ ವರ್ಗಿತ-ಸಂವರ್ಗಿತ ಕ್ರಿಯೆಯನ್ನು ಮೇಲಿಂದ ಮೇಲೆ ಮಾಡಿದರೂ ಕೇವಲಜ್ಞಾನದ ಅಂಶಗಳ ಸಂಖ್ಯೆ ಮುಟ್ಟುವುದಿಲ್ಲ ಎಂದು ಕಂಡು, ಆ ಸಂಖ್ಯೆಯನ್ನೇ ಉತ್ಕೃಷ್ಟ ಅನಂತಾನಂತ ಎಂದು ಹೆಸರಿಟ್ಟು ಅಲ್ಲಿಗೆ ನಿಲ್ಲಿಸಿದರು.

ಇನ್ನು ಕಥೆ. ಮಹಾಭಾರತದ ಸಂಜಯನನ್ನು ನಾವು ಟಿವಿ ಧಾರಾವಾಹಿಯ ಕಣ್ಣಲ್ಲಿ ನೋಡಿ ಕೆಡಿಸಿಕೊಂಡಿದ್ದೇವೆ: ಅರಮನೆಯಲ್ಲಿ ಕುಳಿತು ಯುದ್ಧದ ನೇರ ಪ್ರಸಾರ ಕೊಡುವವನು ಎಂದು. ಮೂಲದಲ್ಲಿ ಹಾಗಿಲ್ಲ. ಭೀಷ್ಮಪರ್ವದ ಮೊದಲಲ್ಲಿ ವ್ಯಾಸ ಕೊಡುವ ವರಕ್ಕೆ ಕರಾರುಗಳಿವೆ. ಬಹಿರಂಗವೋ ಗುಟ್ಟೋ, ಹಗಲೋ ಇರುಳೋ, ಮನಸ್ಸಿನಲ್ಲಿ ಅಂದುಕೊಂಡದ್ದೋ, ಎಲ್ಲವೂ ಸಂಜಯನಿಗೆ ತಿಳಿಯುತ್ತದೆ. ಆಯುಧ ಅವನನ್ನು ಕೊಲ್ಲದು, ಆಯಾಸ ಆಗದು. ಆಯುಧದ ಮಾತೇಕೆ? ಏಕೆಂದರೆ ಅವನು ಇರುವುದು ರಣರಂಗದಲ್ಲಿ. ಹತ್ತನೆಯ ದಿನ ಅಲ್ಲಿಂದ ಓಡಿಬಂದು ಧೃತರಾಷ್ಟ್ರನಿಗೆ ಮೊದಲು ಹೇಳುವುದೇ ಭೀಷ್ಮ ಬಿದ್ದ ಎಂದು. ಮುದುಕ ಕುಸಿದು, ಅತ್ತು, ಹೇಗಾಯಿತು ಎಂದು ಕೇಳಿದ ಮೇಲೆ ಕಥೆ ಮೊದಲ ದಿನಕ್ಕೆ ಹಿಂದಿರುಗುತ್ತದೆ. ಭಗವದ್ಗೀತೆ ಬರುವುದು ಅದರೊಳಗೆ. ಕೊನೆ ಮೊದಲೇ ಗೊತ್ತಾಗಿರುವುದರಿಂದ ‘ಏನಾಯಿತು’ ಎಂಬ ಕುತೂಹಲ ಸತ್ತು ‘ಹೀಗೇಕಾಯಿತು’ ಎಂಬ ಸಂಕಟ ಹುಟ್ಟುತ್ತದೆ.

ಆ ದೃಷ್ಟಿ ಶಾಶ್ವತವೂ ಅಲ್ಲ. ಯುದ್ಧದ ಕೊನೆಗೆ ಸಾತ್ಯಕಿ ಸಂಜಯನನ್ನು ಸೆರೆಹಿಡಿದು ಕತ್ತಿ ಎತ್ತುತ್ತಾನೆ. ವ್ಯಾಸ ಬಂದು ಬಿಡಿಸಬೇಕಾಗುತ್ತದೆ. ದುರ್ಯೋಧನ ಪ್ರಾಣ ಬಿಟ್ಟ ಕೂಡಲೇ, ಋಷಿ ಕೊಟ್ಟ ದಿವ್ಯದೃಷ್ಟಿ ಇಂದು ಹೋಯಿತು ಎಂದು ಸಂಜಯನೇ ಸೌಪ್ತಿಕಪರ್ವದಲ್ಲಿ ಹೇಳುತ್ತಾನೆ. ಯಾರು ಕೊಟ್ಟರು, ಏನೇನು ಕಾಣುತ್ತದೆ, ಎಲ್ಲಿ ನಿಂತು ಕಾಣುತ್ತಾನೆ, ಯಾವಾಗ ಮುಗಿಯುತ್ತದೆ. ಸರ್ವಜ್ಞ ನಿರೂಪಕನಿಗೆ ಇಷ್ಟು ಚೊಕ್ಕವಾದ ನಿಯಮ ಮಾಡಿಕೊಟ್ಟ ಕಥೆ ಬೇರೆ ಎಲ್ಲೂ ನನಗೆ ಕಂಡಿಲ್ಲ. ಜನ್ನನ ಯಶೋಧರಚರಿತೆಯಲ್ಲಿ ಅಭಯರುಚಿ ಮಾರಿದತ್ತನಿಗೆ ತನ್ನ ಹಿಂದಿನ ಹುಟ್ಟುಗಳ ಕಥೆ ಹೇಳುವುದು ಇದಕ್ಕಿಂತ ಇಕ್ಕಟ್ಟಾದ ಕಿಟಕಿಯಿಂದ. ಹೇಳುವವನು ಆ ಜನ್ಮಗಳನ್ನು ಬಾಳಿದವನು. ನವಿಲಾಗಿ, ಕೋಳಿಯಾಗಿ ಸತ್ತವನ ಮಾತಿಗೆ ಇರುವ ಬಿಸಿ ಹೊರಗೆ ನಿಂತು ಎಲ್ಲ ಬಲ್ಲವನ ಮಾತಿಗೆ ಬರುವುದಿಲ್ಲ.

ಇಂದು ಕಥೆ, ಕಾದಂಬರಿ ಬರೆಯುವವರು ‘ಸರ್ವಜ್ಞ ನಿರೂಪಣೆ’ ಆರಿಸಿಕೊಂಡು ಎಡವುವುದು ಈ ನಿಯಮಗಳನ್ನು ಮಾಡಿಕೊಳ್ಳದೆ ಹೊರಡುವುದರಿಂದ. ಉದಾಹರಣೆಗೆ ಹೀಗೆ ಬರೆದಿದ್ದಾರೆ ಎನ್ನಿ:

‘ದೊಡ್ಡಪ್ಪ ಪತ್ರ ಓದಿ ಮಡಿಸಿಟ್ಟರು. ಜಮೀನು ತಮಗೆ ಬಂದಿಲ್ಲವೆಂದು ಅವರಿಗೆ ಹೊಟ್ಟೆ ಉರಿಯಿತು. ಎದುರಿಗೆ ಕೂತ ಸುಬ್ಬಣ್ಣನಿಗೆ ಅದು ಗೊತ್ತಾಗಿ ಒಳಗೊಳಗೇ ಖುಷಿಯಾಯಿತು. ಒಳಗೆ ಒಗ್ಗರಣೆ ಹಾಕುತ್ತಿದ್ದ ಸಾವಿತ್ರಿಗೆ ಮಾತ್ರ ಭಯವಾಯಿತು.’

ನಾಲ್ಕು ವಾಕ್ಯ, ಮೂರು ತಲೆ. ಎಲ್ಲರ ಮನಸ್ಸೂ ಒಂದೇ ಬೆಲೆಗೆ ಸಿಕ್ಕಿಬಿಟ್ಟಿದ್ದರಿಂದ ಓದುಗನಿಗೆ ಊಹಿಸಲು ಏನೂ ಉಳಿಯಲಿಲ್ಲ. ಯಾರ ಪಕ್ಕ ಕೂರಬೇಕೆಂದೂ ತಿಳಿಯಲಿಲ್ಲ. ಹೊಟ್ಟೆ ಉರಿಯಿತು, ಖುಷಿಯಾಯಿತು, ಭಯವಾಯಿತು ಎಂಬ ಕ್ರಿಯಾಪದಗಳನ್ನು ಗಮನಿಸಿ. ಕನ್ನಡದಲ್ಲಿ ‘ಅವರಿಗೆ ಹೀಗಾಯಿತು’ ಎಂದರೆ ಒಳಹೊಕ್ಕು ನೋಡಿ ಕೊಟ್ಟ ವರದಿ. ‘ಉರಿಯಿತಂತೆ’ ಎಂದರೆ ಕೇಳಿದ್ದು, ‘ಉರಿದಂತೆ ಕಂಡಿತು’ ಎಂದರೆ ಹೊರಗಿಂದ ನೋಡಿದ್ದು. ಸರ್ವಜ್ಞ ನಿರೂಪಕ ಒಂದು ಕಡೆ ‘ಆಯಿತು’, ಮುಂದಿನ ಸಾಲಲ್ಲೇ ‘ಆದ ಹಾಗೆ ಕಂಡಿತು’ ಎಂದು ಕಾರಣವಿಲ್ಲದೆ ಬೆರೆಸಿದರೆ ಅವನಿಗೆ ಗೊತ್ತೋ ಇಲ್ಲವೋ ಎಂಬ ಅನುಮಾನ ಓದುಗನಿಗೆ ಬರುತ್ತದೆ. ಅದನ್ನೇ ಹೀಗೆ ತಿದ್ದಬಹುದು:

‘ದೊಡ್ಡಪ್ಪ ಪತ್ರವನ್ನು ಎರಡು ಸಲ ಓದಿದರು. ಮಡಿಸುವಾಗ ಹಳೆಯ ಮಡಿಕೆ ಸಿಗದೆ ಅಡ್ಡಾದಿಡ್ಡಿ ಮಡಿಸಿ ಜೇಬಿಗಿಟ್ಟರು. ಜಮೀನು ಅವರ ಪಾಲಿಗೆ ಬಂದಿಲ್ಲವೆಂದು ಸುಬ್ಬಣ್ಣನಿಗೆ ತಿಳಿಯಲು ಅಷ್ಟೇ ಸಾಕಾಯಿತು. ಒಳಗೆ ಸಾಸಿವೆ ಸೀದ ವಾಸನೆ ಬಂತು. ಮೂರು ವರ್ಷದ ಮೇಲೆ ಅದೇ ಜಮೀನನ್ನು ತಾನೇ ಅವರಿಗೆ ಬರೆದುಕೊಡಬೇಕಾಗುತ್ತದೆಂದು ಸುಬ್ಬಣ್ಣನಿಗೆ ಆಗ ಗೊತ್ತಿರಲಿಲ್ಲ.’

ಈಗ ತಲೆ ಒಂದೇ. ದೊಡ್ಡಪ್ಪನ ಒಳಗು ಮಡಿಕೆಯಲ್ಲಿ, ಸಾವಿತ್ರಿಯ ಒಳಗು ಸೀದ ಸಾಸಿವೆಯಲ್ಲಿ ಸಿಕ್ಕಿತು. ನಿರೂಪಕ ಸರ್ವಜ್ಞ ಎಂಬುದು ಗೊತ್ತಾಗುವುದು ಕೊನೆಯ ವಾಕ್ಯದಿಂದ. ಒಬ್ಬನಿಗೆ ಏನು ಗೊತ್ತಿರಲಿಲ್ಲ ಎಂದು ಹೇಳಲು ಅವನಿಗಿಂತ ಹೆಚ್ಚು ಗೊತ್ತಿರಬೇಕು. ಇಂಥ ವಾಕ್ಯವನ್ನು ಅಧ್ಯಾಯಕ್ಕೊಂದಕ್ಕಿಂತ ಹೆಚ್ಚು ಬಳಸಬೇಡಿ. ಮೂರನೆಯ ಸಲಕ್ಕೆ ಅದು ಧಾರಾವಾಹಿಯ ‘ಮುಂದುವರಿಯುವುದು’ ಆಗಿಬಿಡುತ್ತದೆ. ಮೊದಲ ಸಲ ಬಳಸುವುದೂ ಶುರುವಿನ ಪುಟಗಳಲ್ಲೇ ಆಗಬೇಕು. ನೂರು ಪುಟ ಒಬ್ಬನ ಹೆಗಲ ಮೇಲಿಂದ ನೋಡಿಸಿ, ನೂರೊಂದನೆಯದರಲ್ಲಿ ಇದ್ದಕ್ಕಿದ್ದಂತೆ ಮುಂದಿನ ಕಾಲ ಹೇಳಿದರೆ ಅದು ಕರಾರು ಮುರಿದಂತೆ.

ಪತ್ತೇದಾರಿ ಕಥೆಯಲ್ಲಿ ಕರಾರು ಇನ್ನೂ ಬಿಗಿ. ಎಲ್ಲರ ಮನಸ್ಸಿಗೂ ಹೋಗಿಬರುವ ನಿರೂಪಕ, ಕೊಲೆಗಾರನ ಮನಸ್ಸಿಗೆ ಹೋದಾಗ ಮಾತ್ರ ಕೊಲೆಯ ನೆನಪನ್ನು ಮುಚ್ಚಿಟ್ಟರೆ ಓದುಗ ಕೊನೆಯಲ್ಲಿ ಪುಸ್ತಕ ಎಸೆಯುತ್ತಾನೆ, ಎಸೆಯುವುದೇ ಸರಿ. ದಾರಿ ಎರಡೇ: ಅಂಥ ಕಥೆಯಲ್ಲಿ ಯಾರ ತಲೆಯೊಳಗೂ ಹೋಗದೆ ಕೈ, ಕಾಲು, ಮಾತು ಮಾತ್ರ ತೋರಿಸುವುದು, ಇಲ್ಲವೇ ತಪಾಸಣೆ ಮಾಡುವವನ ಅಥವಾ ಅವನ ಜೊತೆಗಾರನ ತಲೆಗೆ ಮಾತ್ರ ಹೋಗಿ, ಪುಸ್ತಕ ಮುಗಿಯುವವರೆಗೂ ಅಲ್ಲೇ ಉಳಿಯುವುದು.